ಬಕ್ಸ್ಟನ್ನಿನ ನೀರು, ಕಾಲುದಾರಿ ಮತ್ತು ನಮ್ಮಕ್ಕ



"ಇಂಗ್ಲೆಂಡಿಗೆ ಹೋಗಿ ಬಂದ್ರಲ್ಲ, ಏನ್ ನೋಡಿದ್ರಿ?" ಅಂತ ಇನ್‌ಬಾಕ್ಸಲ್ಲಿ ಕೇಳ್ತಾನೇ ಇದ್ದೀರಿ. ಲಂಡನ್ನಿನ 10, ಕಿಂಗ್ ಹೆನ್ರೀಸ್ ರೋಡಿನ ಮನೆ, 1921-22ರಲ್ಲಿ ಬಾಬಾಸಾಹೇಬರು ಇದ್ದ ಮನೆ, ಅದರ ಫೋಟೋ ಆಗಲೇ ಹಾಕಿದ್ದೀನಿ. ಆದ್ರೆ ಅದು ಒಂದೇ ದಿನದ ಮಾತು. ಉಳಿದ ಹದಿನೆಂಟು ದಿನ ನಾನಿದ್ದದ್ದು ಡರ್ಬಿಶೈರಿನ ಬಕ್ಸ್ಟನ್ ಅನ್ನೋ ಸಣ್ಣ ಊರಲ್ಲಿ. ಮ್ಯಾಂಚೆಸ್ಟರಿನಿಂದ ರೈಲಲ್ಲಿ ಒಂದು ಗಂಟೆ. ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು, ನಮ್ಮ ಕಡೆ ಒಂದು ಪಟ್ಟಣ ಪಂಚಾಯ್ತಿಯಷ್ಟು ಅನ್ನಿ. ಅಕ್ಕನ ಮಗಳು ಅಲ್ಲಿ ನರ್ಸು. ಬಾಣಂತನಕ್ಕೆ ಅಂತ ಹೋಗಿದ್ದ ಅಕ್ಕನನ್ನ ವಾಪಸ್ ಕರ್ಕೊಂಡು ಬರೋಕೆ ನಾನು ಗಳಿಕೆ ರಜೆ ಹಾಕಿ ಹೋದೆ. (ವೀಸಾ ಬೇಗ ಬಂತು, ನಮ್ಮ ಇಲಾಖೆಯ ನಿರಾಕ್ಷೇಪಣಾ ಪತ್ರ ಬರೋಕೇ ಎರಡು ತಿಂಗಳು ಆಯ್ತು. ಗುಮಾಸ್ತನ ಫೈಲಿಗೂ ಇನ್ನೊಬ್ಬ ಗುಮಾಸ್ತ ಇರ್ತಾನೆ.)

ಜುಲೈ ಅಂದ್ರೆ ಅವರಿಗೆ ನಡು ಬೇಸಿಗೆ. ಬಿಸಿಲು ಹದಿನೆಂಟು ಡಿಗ್ರಿ, ನಾನು ಸ್ವೆಟರ್ ಹಾಕ್ಕೊಂಡು ಕೂತಿದ್ರೆ ಪಕ್ಕದ ಬೆಂಚಿನ ಗಂಡಸರು ಅಂಗಿ ಬಿಚ್ಚಿ ಮಲಗಿರ್ತಾರೆ. ಇದೇ ಊರಲ್ಲಿ 1975ರ ಜೂನ್ 2ರಂದು ಹಿಮ ಬಿದ್ದು ಕೌಂಟಿ ಕ್ರಿಕೆಟ್ ಮ್ಯಾಚೇ ನಿಂತುಹೋಗಿತ್ತಂತೆ. ಹಾಗಾಗಿ ಬಿಸಿಲು ಬಂತು ಅಂದ್ರೆ ಊರಿಗೆ ಊರೇ ಹೊರಗೆ. ರಾತ್ರಿ ಒಂಬತ್ತೂವರೆವರೆಗೂ ಬೆಳಕು. ಎಲ್ಲರೂ ಸೇರೋದು ಪೆವಿಲಿಯನ್ ಗಾರ್ಡನ್ಸಿನಲ್ಲಿ. 1871ರಲ್ಲಿ ಶುರುವಾದ ಪಾರ್ಕು. ನಡುವೆ ವೈ ಅನ್ನೋ ಸಣ್ಣ ನದಿ, ಬಾತುಕೋಳಿ, ಮಕ್ಕಳಿಗೆ ಪುಟಾಣಿ ರೈಲು, ಭಾನುವಾರ ಮಂಟಪದಲ್ಲಿ ಬ್ಯಾಂಡು. ಐಸ್‌ಕ್ರೀಮ್ ವ್ಯಾನು ಬಂದ್ರೆ ಎಂಬತ್ತು ವರ್ಷದ ಮುದುಕರೂ ಕ್ಯೂ ನಿಲ್ತಾರೆ. ಕೋನಿನೊಳಗೆ ಒಂದು ಚಾಕೊಲೇಟ್ ಕಡ್ಡಿ ಸಿಕ್ಕಿಸಿ ಕೊಡ್ತಾರೆ, ಅದಕ್ಕೆ ತೊಂಬತ್ತೊಂಬತ್ತು ಅಂತಲೇ ಹೆಸರು. ಹುಲ್ಲಿನ ಮೇಲೆ ಎಲ್ಲಿ ಬೇಕಾದ್ರೂ ಕೂರಬಹುದು. ನಮ್ಮೂರಿನ ಪಾರ್ಕಿನ ಬೋರ್ಡು ನೆನಪಾಯ್ತು, ಹುಲ್ಲಿನ ಮೇಲೆ ನಡೆಯಬೇಡಿ, ಹೂ ಕೀಳಬೇಡಿ, ಮಲಗಬೇಡಿ.

ಪಾರ್ಕಿನ ಆಚೆ, ಕ್ರೆಸೆಂಟ್ ಅನ್ನೋ ಅರ್ಧಚಂದ್ರಾಕಾರದ ದೊಡ್ಡ ಕಟ್ಟಡದ ಎದುರಿಗೆ ಸೇಂಟ್ ಆ್ಯನ್ಸ್ ವೆಲ್ ಇದೆ. ವೆಲ್ ಅಂದ್ರೆ ನಮ್ಮ ಸೇದೋ ಬಾವಿ ಥರ ಅಲ್ಲ. ನೆಲದೊಳಗಿನ ಬುಗ್ಗೆಯ ನೀರು ಲೋಹದ ಸಿಂಹದ ಬಾಯಿಂದ ಹಗಲೂ ರಾತ್ರಿ ಸುರೀತಾ ಇರುತ್ತೆ. ಉಗುರುಬೆಚ್ಚಗೆ, ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿ. ಇದೇ ಊರಿನ ಹೆಸರಿನ ನೀರನ್ನ ಬಾಟಲಿಗೆ ತುಂಬಿ ದೇಶವೆಲ್ಲ ಮಾರ್ತಾರೆ, ಇಲ್ಲಿ ಮಾತ್ರ ಬಿಟ್ಟಿ. ಕಾರಿನ ಡಿಕ್ಕಿ ತುಂಬ ಖಾಲಿ ಕ್ಯಾನು ಹಾಕ್ಕೊಂಡು ಬರ್ತಾರೆ ಜನ.

ಅಕ್ಕ ದಿನಾ ಸಂಜೆ ಮಗುವಿನ ಗಾಡಿ ತಳ್ಕೊಂಡು ಅಲ್ಲಿಗೆ ಹೋಗ್ತಿದ್ಳು. ನಾನು ಹೋದ ಮೊದಲನೇ ಸಂಜೆ ಜೊತೆಗೆ ಹೋದೆ. ಕೈಯಲ್ಲಿ ಎರಡು ಬಾಟಲಿ. ಮುಂದೆ ಇಬ್ಬರಿದ್ರು, ತುಂಬಿಕೊಂಡು ಹೋದ್ರು. ಅಕ್ಕ ಮುಂದಕ್ಕೆ ಹೋಗಲಿಲ್ಲ. ಹಿಂದೆ ಒಬ್ಬ ಹೆಂಗಸು ಬಂದ್ರು, ಅಕ್ಕ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅವರು ನಗುತ್ತಾ ನೀವೇ ಮೊದಲು ಅನ್ನೋ ಥರ ಕೈ ತೋರಿಸಿದ್ರು. ಅಕ್ಕ ಮತ್ತೂ ಎರಡು ಹೆಜ್ಜೆ ಹಿಂದೆ. ಕೊನೆಗೆ ಯಾರೂ ಇಲ್ಲ ಅಂತ ಆದಮೇಲೆ ಹೋಗಿ, ಸಿಂಹದ ಬಾಯಿಗೆ ಬಾಟಲಿ ತಾಗದ ಹಾಗೆ ಎತ್ತಿ ಹಿಡಿದು ತುಂಬಿಸಿದಳು.

ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು ಅವಳು. ನಮ್ಮೂರಿನ ಬಾವಿಕಟ್ಟೆಯ ಹೊರಗೆ ಬಿಂದಿಗೆ ಇಟ್ಕೊಂಡು, ಯಾರಾದ್ರೂ ಪುಣ್ಯಾತ್ಮರು ಸೇದಿ ಮೇಲಿಂದ ಹುಯ್ಯೋವರೆಗೂ ಕಾದವಳು. ನಾನು ಹುಟ್ಟಿ ದೊಡ್ಡವನಾಗೋ ಹೊತ್ತಿಗೆ ಕೇರಿಗೆ ಬೋರ್‌ವೆಲ್ ಬಂದಿತ್ತು. ಒಂದೇ ತಾಯಿ ಮಕ್ಕಳು ನಾವು, ಆದ್ರೆ ನನ್ನ ಮೈಯಲ್ಲಿ ಇಲ್ಲದ ಒಂದು ಅಭ್ಯಾಸ ಅವಳ ಮೈಯಲ್ಲಿದೆ. ಮಹಾಡಿನ ಚೌದಾರ್ ಕೆರೆ 1927ರ ಮಾರ್ಚ್ 20 ಅಂತ ಪ್ರತಿ ವರ್ಷ ಭಾಷಣ ಮಾಡ್ತೀನಿ ನಾನು. ಅಕ್ಕನ ಕೈಗೆ ಆ ಭಾಷಣ ಇನ್ನೂ ತಲುಪಿಲ್ಲ. ನಾನು ಏನೂ ಹೇಳಲಿಲ್ಲ. ಹೇಳಿದ್ರೆ "ನಿನ್ನ ಸಂಘಟನೆ ಊರಲ್ಲಿಟ್ಕೋ" ಅಂತಾಳೆ.

ಆ ತಿಂಗಳೇ ಅಲ್ಲಿ ವೆಲ್ ಡ್ರೆಸಿಂಗ್ ಅನ್ನೋ ಹಬ್ಬ. ದೊಡ್ಡ ಹಲಗೆಗೆ ಒದ್ದೆ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಹೂವಿನ ಎಸಳು, ಎಲೆ, ಬೀಜ ಒತ್ತಿ ಚಿತ್ರ ಮಾಡಿ ಬಾವಿಗೆ ಸಿಂಗಾರ ಮಾಡ್ತಾರೆ. ಬಕ್ಸ್ಟನ್ನಿನಲ್ಲಿ ಇದು ಶುರುವಾದದ್ದು 1840ರಲ್ಲಿ, ಡೆವನ್‌ಶೈರ್ ಡ್ಯೂಕು ಮೇಲಿನ ಮಾರುಕಟ್ಟೆಗೆ ಪೈಪಲ್ಲಿ ನೀರು ಕೊಟ್ಟ ಸಂತೋಷಕ್ಕೆ. ಅಕ್ಕನಿಗೆ ಇದು ತಕ್ಷಣ ಅರ್ಥ ಆಯ್ತು. "ಗಂಗೆಪೂಜೆ ಕಣೋ, ಇವರೂ ಮಾಡ್ತಾರೆ" ಅಂದ್ಳು. ಗಂಗೆಪೂಜೆಗೆ ನಮ್ಮನ್ನ ಎಷ್ಟು ದೂರ ನಿಲ್ಲಿಸ್ತಿದ್ರು ಅನ್ನೋದನ್ನ ಇಬ್ಬರೂ ಎತ್ತಲಿಲ್ಲ.

ಇನ್ನು ಕಾಲುದಾರಿ. ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ನನ್ನ ಟೇಬಲ್ಲಿನ ಕೆಲಸವೇ ಅದು. ತಾಲ್ಲೂಕು ಕಚೇರಿಯಲ್ಲಿ ದಾರಿ ತಕರಾರಿನ ಫೈಲು ನೋಡೋನು ನಾನು. ಸ್ಮಶಾನಕ್ಕೆ ದಾರಿ ಇಲ್ಲ, ಜಮೀನ್ದಾರರು ಬೇಲಿ ಹಾಕಿದ್ದಾರೆ, ಹೆಣ ಗದ್ದೆ ಬದುವಿನ ಮೇಲೆ ಹೊತ್ಕೊಂಡು ಹೋದ್ವಿ ಅಂತ ಅರ್ಜಿ ಬರುತ್ತೆ. ಗ್ರಾಮ ನಕಾಶೆ ತೆಗೆದ್ರೆ ಚುಕ್ಕಿ ಚುಕ್ಕಿ ಗೆರೆ ಸ್ಪಷ್ಟವಾಗಿರುತ್ತೆ. ನಕಾಶೆ ಕಂಡ ದಾರಿ. ಸ್ಥಳಕ್ಕೆ ಹೋದ್ರೆ ಅಲ್ಲಿ ಕಬ್ಬು. ಸರ್ವೆ, ಮಹಜರ್, ನೋಟಿಸ್, ತಡೆಯಾಜ್ಞೆ. ಅರ್ಜಿ ಕೊಟ್ಟ ಮುದುಕನೇ ತೀರಿಹೋಗಿ ಅದೇ ದಾರಿಗೆ ಕಾಯ್ತಾನೆ.

ಅಲ್ಲಿ ವಾರದ ಕೊನೆಯ ಮುಖ್ಯ ಮನರಂಜನೆಯೇ ನಡಿಗೆ. ಯಾರದೋ ಹೊಲದ ನಡುವೆ, ಕುರಿ ಹಸು ಮೇಯೋ ಜಾಗದಲ್ಲಿ, ಹಳದಿ ಬಾಣದ ಗುರುತು. ಕಲ್ಲಿನ ಗೋಡೆ ಅಡ್ಡ ಬಂದ್ರೆ ಹತ್ತಿ ಇಳಿಯೋಕೆ ಮೆಟ್ಟಿಲು. ಜಮೀನು ಖಾಸಗಿ, ದಾರಿ ಸಾರ್ವಜನಿಕ. ಈ ದಾರಿಗಳನ್ನೆಲ್ಲ ಗುರುತಿಸಿ ಅಧಿಕೃತ ನಕಾಶೆ ಮಾಡಿ ಅಂತ 1949ರ ಕಾಯ್ದೆ ಕೌಂಟಿ ಕೌನ್ಸಿಲುಗಳಿಗೆ ಹೇಳಿತು. ನಕಾಶೆಯಲ್ಲಿ ಇದೆ ಅಂದ್ರೆ ಇದೆ ಅಂತಲೇ ಲೆಕ್ಕ. ಮೊದಲ ಸಲ ಒಬ್ಬ ರೈತನ ಹೊಲದೊಳಗೆ ಕಾಲಿಟ್ಟಾಗ ಯಾರಾದ್ರೂ ಬೈಕೊಂಡು ಓಡಿ ಬರ್ತಾರೆ ಅಂತ ನಾನೂ ತಿರುಗಿ ತಿರುಗಿ ನೋಡ್ತಿದ್ದೆ. ಟ್ರಾಕ್ಟರಿನವನು ಕೈ ಬೀಸಿ ಹೋದ.

ಹಾಗಂತ ಇಂಗ್ಲಿಷರು ಧರ್ಮಾತ್ಮರು ಅಂತ ತಿಳ್ಕೋಬೇಡಿ. ಡ್ಯೂಕುಗಳು, ಲಾರ್ಡುಗಳು ಬೆಟ್ಟಗಳಿಗೇ ಬೇಲಿ ಹಾಕಿ, ಹಕ್ಕಿ ಬೇಟೆಗೆ ಅಂತ ಕಾವಲುಗಾರರನ್ನ ಇಟ್ಟಿದ್ರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಕಾರ್ಮಿಕ ಯುವಕ ಯುವತಿಯರು, ವಾರಕ್ಕೊಂದೇ ದಿನ ಗಾಳಿ ಕಾಣ್ತಿದ್ದವರು, ಹೇಫೀಲ್ಡ್ ಅನ್ನೋ ಹಳ್ಳಿಯಿಂದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಬೇಕಂತಲೇ ಅತಿಕ್ರಮ ಪ್ರವೇಶ ಮಾಡಿದ್ರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಇಪ್ಪತ್ತು ವರ್ಷ, ಯಹೂದಿ ಮನೆಯ ಕಮ್ಯುನಿಸ್ಟ್ ಹುಡುಗ. ಐದು ಜನಕ್ಕೆ ಎರಡರಿಂದ ಆರು ತಿಂಗಳು ಜೈಲು. ಆ ವರ್ಷದ್ದೇ ಸೆಪ್ಟೆಂಬರ್ 24 ನಮಗೆ ಪೂನಾ ಒಪ್ಪಂದದ ದಿನ. ಪೀಕ್ ಡಿಸ್ಟ್ರಿಕ್ಟ್ ಅವರ ಮೊದಲ ರಾಷ್ಟ್ರೀಯ ಉದ್ಯಾನ ಆದದ್ದು 1951ರಲ್ಲಿ, ಬೆಟ್ಟಗುಡ್ಡದಲ್ಲಿ ಓಡಾಡೋ ಹಕ್ಕಿನ ಕಾನೂನು ಬಂದದ್ದು 2000ದಲ್ಲಿ. ಯಾರೂ ಪ್ರೀತಿಯಿಂದ ಕೊಟ್ಟದ್ದಲ್ಲ.

ಈಗ ಹೇಳೋಕೆ ಇಷ್ಟ ಇಲ್ಲದ, ಆದ್ರೂ ಹೇಳಬೇಕಾದ ವಿಷಯ. ಒಂದು ಭಾನುವಾರ ಪಾರ್ಕಿನಲ್ಲಿ ನಮ್ಮ ಕಡೆಯವರೇ ಒಂದು ಕುಟುಂಬ ಸಿಕ್ತು. ಕನ್ನಡ ಕೇಳಿ ಖುಷಿಯಿಂದ ಓಡಿ ಬಂದ್ರು, ಚಕ್ಕುಲಿ ಕೊಟ್ರು. ಯಾವ ಊರು, ಯಾವ ತಾಲ್ಲೂಕು, ಊರಲ್ಲಿ ಮನೆ ಯಾವ ಬೀದಿ, ಮನೆದೇವರು ಯಾರು. ನಾಲ್ಕನೇ ಪ್ರಶ್ನೆಗೆ ಉತ್ತರ ಸಿಕ್ಕಿತು ಅವರಿಗೆ. ಮಗುವನ್ನ ಎತ್ಕೊಂಡಿದ್ದ ಆಯಮ್ಮ ಮಗುವನ್ನ ಗಾಡಿಗೆ ಮಲಗಿಸಿದ್ರು. ಮುಂದಿನ ವಾರ ಬೇರೆ ಬೆಂಚು. ಅಲ್ಲಿನ 2010ರ ಸಮಾನತೆ ಕಾಯ್ದೆಗೆ ಜಾತಿಯನ್ನ ಸೇರಿಸಬೇಕು ಅಂತ 2013ರಲ್ಲಿ ಸಂಸತ್ತು ತೀರ್ಮಾನ ಮಾಡಿತ್ತು. 2018ರಲ್ಲಿ ಸರ್ಕಾರ ಸೇರಿಸಲ್ಲ ಅಂತು. ನಮ್ಮವರು ವಿಮಾನದಲ್ಲಿ ಉಪ್ಪಿನಕಾಯಿ ಜೊತೆ ಇದನ್ನೂ ಪ್ಯಾಕ್ ಮಾಡ್ಕೊಂಡು ಹೋಗ್ತಾರೆ, ಕಸ್ಟಮ್ಸಿನವರಿಗೆ ಕಾಣಲ್ಲ.

ಅಕ್ಕನ ಮಗಳು ಅವತ್ತು ಒಂದೇ ಮಾತು ಅಂದಳು: "ಮಾವ, ನೀವು ಆ ನೀಲಿ ಟೀಶರ್ಟ್ ಪಾರ್ಕಿಗೆ ಹಾಕ್ಕೊಂಡು ಬರಬೇಡಿ." ಮೂರು ವರ್ಷದಿಂದ ಅವಳು ಎಲ್ಲರಿಗೂ ಮೈಸೂರು ಕಡೆ ಅಂತಷ್ಟೇ ಹೇಳ್ಕೊಂಡು ಬಂದಿದ್ದಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಪಾಳಿ ಮುಗಿಸಿ ಬರೋ ಹುಡುಗಿಗೆ ಭಾನುವಾರವೂ ಹೋರಾಟ ಮಾಡು ಅನ್ನೋಕೆ ನಾನ್ಯಾರು?

ಹೊರಡೋ ಹಿಂದಿನ ದಿನ ನಾಲ್ಕೂ ಜನ, ಮಗು ಸೇರಿ, ಬಸ್ಸಲ್ಲಿ ಹೇಫೀಲ್ಡಿಗೆ ಹೋದ್ವಿ. ಬೆಟ್ಟ ಹತ್ತೋಕೆ ಅಕ್ಕನ ಮೊಣಕಾಲು ಬಿಡಲ್ಲ. 1932ರಲ್ಲಿ ಅವರೆಲ್ಲ ಸೇರಿದ್ದ ಬೌಡನ್ ಬ್ರಿಡ್ಜ್ ಕಲ್ಲುಕ್ವಾರಿವರೆಗೆ ನಡೆದ್ವಿ. ಅಲ್ಲಿ ಬಂಡೆಗೆ ಒಂದು ಫಲಕ ಹಾಕಿದ್ದಾರೆ. ಟೋಪಿ, ಕೋಲು ಹಿಡಿದ ವಯಸ್ಸಾದ ಗಂಡಹೆಂಡತಿ ಫ್ಲಾಸ್ಕಿನಿಂದ ಟೀ ಕುಡೀತಾ ಕೂತಿದ್ರು. ಇಷ್ಟು ದೂರದಿಂದ ಬಂದು ಇದನ್ನ ಯಾಕೆ ನೋಡ್ತಿದ್ದೀರಿ ಅಂತ ಕೇಳಿದ್ರು. ನನ್ನ ಇಂಗ್ಲಿಷು ಬಿ.ಎ. ಇಂಗ್ಲಿಷು, ಹೇಳೋಕೆ ಶುರು ಮಾಡಿ ತಡವರಿಸಿದೆ. ಅಕ್ಕನ ಮಗಳು ಮುಂದಕ್ಕೆ ತಗೊಂಡಳು. ಮಹಾಡ್ ಹೇಳಿದ್ಳು, ಕೆರೆ ಹೇಳಿದ್ಳು. ಆಮೇಲೆ, ನಾವು ದಲಿತರು, ನಮ್ಮಮ್ಮನನ್ನ ಬಾವಿ ಮುಟ್ಟೋಕೆ ಬಿಡ್ತಿರಲಿಲ್ಲ ಅಂತ ಅಂದಳು. ಅಕ್ಕನಿಗೆ ಇಂಗ್ಲಿಷ್ ಬರಲ್ಲ, ಆದ್ರೆ 'ದಲಿತ್' ಅನ್ನೋ ಪದ ಕೇಳಿ ಮಗಳ ಮುಖ ನೋಡಿದಳು. ಆ ಹೆಂಗಸು ಎದ್ದು ಅಕ್ಕನಿಗೆ ಟೀ ಕೊಟ್ಟರು, ತಮ್ಮದೇ ಫ್ಲಾಸ್ಕಿನ ಮುಚ್ಚಳದಲ್ಲಿ. ಅಕ್ಕ ತಗೊಂಡು ಕುಡಿದಳು.

ವಾಪಸ್ ಬಸ್‌ಸ್ಟಾಪಿನಲ್ಲಿ ನಾನು ಹೆಮ್ಮೆಯಿಂದ ಏನೋ ಹೇಳೋಕೆ ಹೋದೆ. ಅಕ್ಕನ ಮಗಳು ತಡೆದಳು. "ಇವರ ಹತ್ರ ಹೇಳೋದು ಸುಲಭ ಮಾವ. ನಾಳಿದ್ದು ಪಾರ್ಕಲ್ಲಿ ಸಿಗೋರ ಹತ್ರ ನಾನೊಬ್ಬಳೇ ತಾನೆ." ಮಗು ಎದ್ದು ಅಳೋಕೆ ಶುರು ಮಾಡಿತು, ಅಕ್ಕ ಬ್ಯಾಗಿಂದ ಬಕ್ಸ್ಟನ್ನಿನ ನೀರಿನ ಬಾಟಲಿ ತೆಗೆದು ಸೆರಗಿನ ತುದಿ ಒದ್ದೆ ಮಾಡಿ ಅದರ ಮುಖ ಒರೆಸಿದಳು. ಬಸ್ಸು ಇಪ್ಪತ್ತು ನಿಮಿಷ ತಡ ಇತ್ತು.