ಓದಿ ಸೇರಿಸಿಕೊಳ್ಳುತ್ತಿದ್ದ ಡಿಮಾಜ್‌ಗೆ

ಪ್ರೀತಿಯ ಡಿಮಾಜ್,

ಹೋದ ವಾರ ಸಾಗರದಿಂದ ಒಂದು ಫೋನ್ ಬಂತು. ಗಂಧದ ಕೆತ್ತನೆ ಅಂಗಡಿಯ ಹುಡುಗ. "ಯಾರೋ ನಮ್ಮ ವೆಬ್‌ಸೈಟನ್ನ ಐನೂರು ಡೈರೆಕ್ಟರಿಗೆ ಹಾಕಿಕೊಡ್ತಾರಂತೆ. ಗೂಗಲ್‌ನಲ್ಲಿ ಮೇಲೆ ಬರ್ತದಂತೆ. ದುಡ್ಡು ಕೊಡ್ಲಾ ಮಾರಾಯ್ರೇ?" ಎಂದು ಕೇಳಿದ. ಬೇಡ ಎಂದೆ. ಯಾಕೆ ಬೇಡ ಎಂದು ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲಿ ಬಹುಪಾಲು ನಿನ್ನ ಕತೆಯೇ ಇತ್ತು. ಅದಕ್ಕೇ ಈ ಕಾಗದ.

ವೆಬ್ ತಾಣಗಳನ್ನು ವಿಭಾಗವಾರು ಪಟ್ಟಿ ಮಾಡುವ ಡೈರೆಕ್ಟರಿಯಾಗಿ ನೀನು ಹುಟ್ಟಿದ್ದು 1998ರ ಜೂನ್‌ನಲ್ಲಿ. ರಿಚ್ ಸ್ಕ್ರೆಂಟಾ, ಬಾಬ್ ಟ್ರುಯೆಲ್ ಎಂಬ ಇಬ್ಬರು ಎಂಜಿನಿಯರುಗಳು ನಿನಗೆ ಮೊದಲು ಇಟ್ಟ ಹೆಸರು ಗ್ನೂಹೂ. ಆಮೇಲೆ ನ್ಯೂಹೂ ಆದೆ. ಅದೇ ವರ್ಷ ನೆಟ್‌ಸ್ಕೇಪ್ ನಿನ್ನನ್ನು ಕೊಂಡುಕೊಂಡ ಮೇಲೆ ಓಪನ್ ಡೈರೆಕ್ಟರಿ ಪ್ರಾಜೆಕ್ಟ್ ಆದೆ. ಕೊನೆಗೆ ಎಲ್ಲರ ಬಾಯಲ್ಲಿ ಉಳಿದದ್ದು ಡಿಮಾಜ್. ಆಗ ದೊಡ್ಡ ಡೈರೆಕ್ಟರಿ ಎಂದರೆ ಯಾಹೂ. ಮುಂದೆ ಅದು ವ್ಯಾಪಾರದ ತಾಣಗಳಿಗೆ ವರ್ಷಕ್ಕೆ 299 ಡಾಲರ್ ಶುಲ್ಕ ಹಾಕಿತು. ನೀನು ಕೊನೆಯವರೆಗೂ ಒಂದು ಪೈಸೆ ಕೇಳಲಿಲ್ಲ. ನಿನ್ನ ಸಂಪಾದಕರು ಸಂಬಳವಿಲ್ಲದೆ, ತಮ್ಮ ರಾತ್ರಿಗಳನ್ನು ಕೊಟ್ಟು ಕೆಲಸ ಮಾಡುತ್ತಿದ್ದವರು.

ಈ ಹುಡುಗನ ಅಪ್ಪನಿಗೆ ಮೊದಲ ವೆಬ್‌ಸೈಟ್ ಮಾಡಿಕೊಟ್ಟವನು ನಾನು. ನಾಲ್ಕು ಪುಟ, ಹನ್ನೆರಡು ಫೋಟೊ. ಅದನ್ನು ನಿನಗೆ ಸಲ್ಲಿಸುವಾಗ ಏಷ್ಯಾ, ಭಾರತ, ಕರ್ನಾಟಕ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸರಿಯಾದ ವಿಭಾಗ ಹುಡುಕಿದ್ದು ನೆನಪಿದೆ. ವಿವರಣೆಯ ಜಾಗದಲ್ಲಿ 'ಭಾರತದ ಅತ್ಯುತ್ತಮ ಗಂಧದ ಕೆತ್ತನೆ, ಕಡಿಮೆ ಬೆಲೆಗೆ, ಇಂದೇ ಕೊಳ್ಳಿ' ಎಂದು ಬರೆದಿದ್ದೆ. ಜಾಹೀರಾತಿನ ಮಾತು ಬೇಡ ಎಂದು ನಿನ್ನ ನಿಯಮದಲ್ಲೇ ಇತ್ತು; ನಾನು ಓದಿರಲಿಲ್ಲ.

ಕೆಲವು ವಾರ ಬಿಟ್ಟು ನೋಡಿದರೆ ತಾಣ ಪಟ್ಟಿಯಲ್ಲಿದೆ. ನನ್ನ ಮಾತು ಒಂದೂ ಉಳಿದಿಲ್ಲ. ಅಲ್ಲಿದ್ದದ್ದು ಇಷ್ಟು: ಗಂಧ ಮತ್ತು ಶಿವನೆ ಮರದ ಕೆತ್ತನೆಗಳು, ಚಿತ್ರಗಳು, ಅಂಗಡಿಯ ವಿಳಾಸ. ಶಿವನೆ! ಆ ಮರದ ಹೆಸರು ಇದ್ದದ್ದು ಮೂರನೇ ಪುಟದ ಕೊನೆಯಲ್ಲಿ, ಒಂದು ಗಣಪತಿಯ ಫೋಟೊ ಕೆಳಗೆ, ಸಣ್ಣ ಅಕ್ಷರದಲ್ಲಿ. ಯಾರೋ ಪುಣ್ಯಾತ್ಮರು ಅಲ್ಲಿಯವರೆಗೂ ಹೋಗಿ ಓದಿದ್ದರು. ಅವರು ಯಾರು, ಯಾವ ಊರಿನವರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹುಡುಗನ ಅಪ್ಪನಿಗೆ ತೋರಿಸಿದೆ. ಅವರು ಶಿವನೆ ಎಂಬಲ್ಲಿ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ನಿನ್ನ ಪುಟದಿಂದ ನೇರವಾಗಿ ಅಂಗಡಿಯ ತಾಣಕ್ಕೆ ಬಂದವರು ಬೆರಳೆಣಿಕೆಯಷ್ಟು. ಲಾಭ ಆದದ್ದು ಬೇರೆ ದಾರಿಯಲ್ಲಿ. ಒಂದು ತಾಣ ಇನ್ನೊಂದಕ್ಕೆ ಕೊಡುವ ಲಿಂಕನ್ನು ಗೂಗಲ್ ಒಂದು ಮತದ ಹಾಗೆ ಎಣಿಸುತ್ತಿತ್ತು. ಎಲ್ಲ ಮತಕ್ಕೂ ಒಂದೇ ತೂಕ ಇರಲಿಲ್ಲ, ನಂಬಿಕೆ ಗಳಿಸಿದ ಪುಟದ ಮತಕ್ಕೆ ತೂಕ ಜಾಸ್ತಿ. ನಿನ್ನ ಪಟ್ಟಿಯನ್ನು ಯಾರು ಬೇಕಾದರೂ ಎತ್ತಿಕೊಂಡು ಬಳಸಬಹುದಿತ್ತು. ಗೂಗಲ್ ಕೂಡ 2000ದಿಂದ 2011ರವರೆಗೆ ಅದನ್ನೇ ತನ್ನ ಡೈರೆಕ್ಟರಿಯಾಗಿ ನಡೆಸಿತು. ಹಾಗಾಗಿ ನಿನ್ನಲ್ಲಿ ಒಮ್ಮೆ ಸೇರಿದರೆ ಹತ್ತಾರು ಕಡೆ ಸೇರಿದ ಹಾಗೆ. ನಿನ್ನ ಸಂಪಾದಕರು ಬರೆದ ವಿವರಣೆಯೇ ಎಷ್ಟೋ ಸಲ ಸರ್ಚ್ ಫಲಿತಾಂಶದಲ್ಲಿ ತಾಣದ ಹೆಸರಿನ ಕೆಳಗೆ ಕಾಣುತ್ತಿತ್ತು.

ಆ ತೂಕ ಬಂದದ್ದು ಶಿವನೆಯವರೆಗೆ ಓದಿದ ಕಣ್ಣಿನಿಂದ. ಅದು ತಿಳಿಯದೆ ನಾವೆಲ್ಲ ಲಿಂಕಿನ ಹಿಂದೆ ಓಡಿದೆವು.

ನಿನ್ನ ಹೆಸರಿನ ನೆರಳಲ್ಲಿ ಸಾವಿರಾರು ಡೈರೆಕ್ಟರಿಗಳು ಎದ್ದವು. ಓದುವವರಿಲ್ಲ, ಆರಿಸುವವರಿಲ್ಲ, ಫಾರ್ಮ್ ತುಂಬಿದರೆ ಲಿಂಕ್. ನಾನೂ ಒಬ್ಬ ಏಜೆಂಟರಿಗೆ ದುಡ್ಡು ಕೊಟ್ಟು ಇದೇ ಅಂಗಡಿಯನ್ನು ಅಂಥ ಮುನ್ನೂರು ಪಟ್ಟಿಗಳಿಗೆ ಹಾಕಿಸಿದೆ. ಕೆಲವು ತಿಂಗಳು ಮೇಲೆ ಬಂದದ್ದು ನಿಜ. 2012ರ ಏಪ್ರಿಲ್ 24ರಂದು ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆ ತಂದಿತು. ಹೀಗೆ ಕೃತಕವಾಗಿ ಕಟ್ಟಿದ ಲಿಂಕುಗಳನ್ನು ಗುರುತಿಸುವುದೇ ಅದರ ಕೆಲಸ. ಮೊದಲ ಪುಟದಲ್ಲಿದ್ದ ಅಂಗಡಿ ಆರನೇ ಪುಟಕ್ಕೆ ಬಿತ್ತು. ಲಿಂಕ್ ತೆಗೆಯಿರಿ ಎಂದು ಆ ಪಟ್ಟಿಗಳವರಿಗೆ ಒಂದೊಂದಾಗಿ ಮೇಲ್ ಬರೆದೆ, ಉತ್ತರ ಬಾರದವುಗಳ ಯಾದಿ ಮಾಡಿ, ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಸಲ್ಲಿಸಿದೆ. ಚೇತರಿಸಿಕೊಳ್ಳಲು ವರ್ಷ ದಾಟಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಆ ಮೌನ ಈಗಲೂ ಚುಚ್ಚುತ್ತದೆ.

ನಿನ್ನಲ್ಲೂ ಕೊರತೆ ಇತ್ತು. ಸಲ್ಲಿಸಿದವರು ತಿಂಗಳುಗಟ್ಟಲೆ ಕಾಯಬೇಕು ಎಂಬ ದೂರು ಎಲ್ಲ ಕಡೆ ಕೇಳುತ್ತಿತ್ತು. 2006ರ ಅಕ್ಟೋಬರಿನಲ್ಲಿ ಸರ್ವರ್ ಕೆಟ್ಟು, ಡಿಸೆಂಬರ್‌ವರೆಗೆ ಸಂಪಾದನೆಯೇ ನಿಂತುಹೋಯಿತು. ಯಾಹೂ ಡೈರೆಕ್ಟರಿ 2014ರ ಕೊನೆಗೆ ಮುಚ್ಚಿತು, ನೀನು 2017ರ ಮಾರ್ಚ್ 17ರಂದು. ಆಗ ನಿನ್ನಲ್ಲಿ 90 ಭಾಷೆಗಳ 38 ಲಕ್ಷಕ್ಕೂ ಹೆಚ್ಚು ತಾಣಗಳಿದ್ದವು.

ಹುಡುಗನಿಗೆ ಏನು ಹೇಳಿದೆ ಎಂದು ನಿನಗೂ ಹೇಳಬೇಕು. ಪಟ್ಟಿಗೆ ಸೇರುವುದೇ ತಪ್ಪಲ್ಲ. ಜನ ನೋಡುವ ಪಟ್ಟಿಗೆ ಸೇರು ಎಂದೆ. ಗೂಗಲ್‌ನ ವ್ಯಾಪಾರ ಪುಟದಲ್ಲಿ ಅಂಗಡಿಯ ಹೆಸರು, ವಿಳಾಸ, ಬಾಗಿಲು ತೆರೆಯುವ ಹೊತ್ತು ಹಾಕಲು ದುಡ್ಡು ಬೇಡ. ಜಸ್ಟ್ ಡಯಲ್, ಕುಶಲಕರ್ಮಿಗಳ ಸಂಘ, ಪ್ರವಾಸಿಗರಿಗೆ ದಾರಿ ತೋರುವ ಪುಟ, ಎಲ್ಲೆಡೆ ಅದೇ ಹೆಸರು, ಅದೇ ಫೋನ್ ನಂಬರ್ ಇರಲಿ. ಒಂದು ಕಡೆ ಅಪ್ಪನ ಹಳೇ ನಂಬರ್, ಇನ್ನೊಂದು ಕಡೆ ಮಗನದು ಎಂದಾದರೆ ಗಿರಾಕಿಗೂ ಗೊಂದಲ, ಗೂಗಲ್‌ಗೂ ಗೊಂದಲ. ಯಾವುದೇ ಪಟ್ಟಿಗೆ ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿಕೋ ಎಂದೆ: ಗೂಗಲ್ ಎಂಬುದೇ ಇಲ್ಲದಿದ್ದರೂ ಇಲ್ಲಿ ಹೆಸರು ಕೊಡುತ್ತಿದ್ದೆನಾ? ಐನೂರರಲ್ಲಿ ಐದೂ ಆ ಪ್ರಶ್ನೆಗೆ ನಿಲ್ಲುವುದಿಲ್ಲ.

ನಿನಗೆ ಹೇಳದೆ ಉಳಿದ ಮಾತು ಒಂದಿದೆ. ಸಂಪಾದಕರಿಲ್ಲದ ವಿಭಾಗಗಳ ಕೆಳಗೆ, ಇದನ್ನು ನೋಡಿಕೊಳ್ಳಲು ಸ್ವಯಂಸೇವಕರಾಗಿ ಬನ್ನಿ ಎಂಬ ಒಂದು ಸಾಲು ಇರುತ್ತಿತ್ತು. ಅದನ್ನು ಎಷ್ಟೋ ಸಲ ಕಂಡೆ. ನನ್ನ ಗಿರಾಕಿಗಳ ಲಿಂಕ್ ಬಂದಿದೆಯೇ ಎಂದಷ್ಟೇ ನೋಡಿ ಮುಂದೆ ಹೋದೆ. ನನ್ನಂಥವರು ನಿಂತಿದ್ದರೆ ಕಾಯುವವರ ಸಾಲು ಅಷ್ಟು ಉದ್ದ ಬೆಳೆಯುತ್ತಿರಲಿಲ್ಲ.

ನಿನ್ನ ಸಂಪಾದಕರು ನಿನ್ನ ಪಟ್ಟಿಯನ್ನು ಉಳಿಸಿಕೊಂಡು ಕರ್ಲಿ ಎಂಬ ಹೆಸರಿನಲ್ಲಿ ನಡೆಸುತ್ತಿದ್ದಾರೆ. ಮೊನ್ನೆ ಭಾನುವಾರ ಅಲ್ಲಿ ಸಂಪಾದಕನಾಗಲು ಅರ್ಜಿ ಹಾಕಿದೆ. ಈ ಕಾಗದ ಓದುತ್ತಿರುವವರೇ, ನಿಮ್ಮ ಊರಿನ ಹತ್ತು ಒಳ್ಳೆಯ ತಾಣಗಳು ನಿಮಗೆ ಗೊತ್ತಿದ್ದರೆ, ಕೊನೆಯ ಪುಟದವರೆಗೂ ಓದುವ ತಾಳ್ಮೆ ಇದ್ದರೆ, ನೀವೂ ಅರ್ಜಿ ಹಾಕಿ.