ಸೂರಗೊಂಡನಕೊಪ್ಪದ ಜಾತ್ರೆಯಲ್ಲಿ ಒಂದು ತಾಯಿ-ಮಗಳ ಜಗಳ

ಓಡುತ್ತಿರುವ ಕಾರಿನ ಬಾಗಿಲು ತೆಗೆದು ಹುಡುಗಿ ಹಾರಿಯೇ ಬಿಡುತ್ತಾಳೆ! ಕಾರು ಓಡಿಸುತ್ತಿದ್ದ ತಾಯಿ ಕಾಲೇಜಿನ ವಿಷಯ ಎತ್ತಿ ಬೈಯುತ್ತಿದ್ದಳು, ಅಷ್ಟೇ ಕಾರಣ. 2017ರಲ್ಲಿ ಬಂದ ಗ್ರೇಟಾ ಗರ್ವಿಗ್ ನಿರ್ದೇಶನದ 'ಲೇಡಿ ಬರ್ಡ್' ಶುರುವಾಗಿ ನಾಲ್ಕು ನಿಮಿಷವೂ ಆಗಿರುವುದಿಲ್ಲ. ಫೈಟಿಂಗ್ ಇಲ್ಲ, ವಿಲನ್ ಇಲ್ಲ. ಅಮೆರಿಕದ ಸ್ಯಾಕ್ರಮೆಂಟೊ ಊರಿನ ಹುಡುಗಿ, ಹೆತ್ತವರು ಇಟ್ಟ ಹೆಸರು ಬೇಡವೆಂದು ತನಗೆ ತಾನೇ ಹೆಸರಿಟ್ಟುಕೊಂಡವಳು. ತಾಯಿ ಡಬಲ್ ಡ್ಯೂಟಿ ಮಾಡುವ ನರ್ಸ್. ಸೆರ್ಶಾ ರೋನನ್, ಲಾರಿ ಮೆಟ್ಕಾಫ್ ಇಬ್ಬರ ಜಗಳವೇ ಸಿನಿಮಾ. ಆಸ್ಕರ್‌ಗೆ ಐದು ನಾಮಿನೇಷನ್ ಬಂತು, ಒಂದೂ ಕೈಗೆ ಸಿಗಲಿಲ್ಲ ಬಿಡಿ.

ಇಂಥ ಜಗಳ ನಮ್ಮಲ್ಲಿಲ್ಲವೇ ಅಂತೀರಾ? ಫೆಬ್ರವರಿಯಲ್ಲಿ ಒಮ್ಮೆ ನ್ಯಾಮತಿ ಬಸ್ ಹತ್ತಿ.

ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪ ಬಂಜಾರರ ಬಾಯಲ್ಲಿ ಭಾಯಗಡ. 1739ರ ಫೆಬ್ರವರಿ 15ರಂದು ಸಂತ ಸೇವಾಲಾಲರು ಹುಟ್ಟಿದ್ದು ಇಲ್ಲೇ ಎಂದು ನಂಬುಗೆ. ಆ ದಿನಕ್ಕೆ ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಜನ. ಮಾಲೆ ಹಾಕಿದವರು ನಡೆದೇ ಬರುತ್ತಾರೆ. ತನ್ನ ಭಕ್ತನಾಗು ಎಂದು ಮರಿಯಮ್ಮ ದೇವಿ ಕೇಳಿದರೂ ಸೇವಾಭಾಯ ಒಪ್ಪಲಿಲ್ಲ, ದೇವಿ ಸಿಟ್ಟಾಗಿ ತಾಂಡಾವನ್ನೇ ಕಾಡಿದಳು, ಆಮೇಲೆ ಅವರು ಮಣಿದರು ಅಂತ ಹಿರಿಯರು ಕಥೆ ಹೇಳುತ್ತಾರೆ. ಹಠಮಾರಿ ಮಕ್ಕಳು ಈ ಊರಿಗೆ ಹೊಸಬರಲ್ಲ!

ಚಹಾ ಅಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಒಬ್ಬ ತಾಯಿ, ಒಬ್ಬಳು ಮಗಳು. ತಾಯಿ ಕಾಫಿ ತೋಟದ ಕೂಲಿ ಮುಗಿಸಿ ಊರಿಗೆ ಬಂದಾಕೆ. ಮೈಮೇಲೆ ಪೂರಾ ಲಂಬಾಣಿ ಉಡುಗೆ. ಮಗಳಿಗೆ ಚೂಡಿದಾರ, ದ್ವಿತೀಯ ಪಿಯುಸಿ. (ಪಿಯುಸಿಗೆ ಅರ್ಧಕ್ಕೇ ಕೈಮುಗಿದ ನಾನು ಗೌರವದಿಂದಲೇ ಮಾತಾಡಿಸಿದೆ!) ಇಬ್ಬರ ನಡುವೆ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ತಾಯಿ ತಿಂಗಳುಗಟ್ಟಲೆ ಕೂತು ಕನ್ನಡಿ ಬಿಲ್ಲೆ, ಕವಡೆ ಹಾಕಿ ಹೊಲಿದ ಕಾಂಚಳಿ, ಅಂದರೆ ಅವರ ರವಿಕೆ.

"ಜಾತ್ರೆಗಾದ್ರೂ ಒಂದ್ಸಲ ಹಾಕ್ಕೋ ಅಂದ್ರೆ ಕೇಳಲ್ಲ ನೋಡಣ್ಣ."

ಮಗಳು ಸುಮ್ಮನೆ ಇರಲಿಲ್ಲ. "ಇದನ್ನ ಹಾಕ್ಕೊಂಡು ಬಸ್ ಸ್ಟ್ಯಾಂಡಲ್ಲಿ ನಿಂತ್ರೆ ಹುಡುಗ್ರು ಸಿಳ್ಳೆ ಹೊಡೀತಾರೆ. ಎಲ್ಲಿ, ಒಂದು ಡ್ಯಾನ್ಸ್ ಮಾಡು ಅಂತಾರೆ. ಯಾಡಿಗೇನು ಗೊತ್ತು?"

ಯಾಡಿ ಅಂದರೆ ಅವರ ಮಾತಿನಲ್ಲಿ ಅಮ್ಮ.

ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಳ್ಳುವ ಮಿತ್ರರೇ, ಆ ಸಿಳ್ಳೆ ಯಾರದು? ನಮಗೆ ಅದನ್ನು ಕಲಿಸಿದ್ದು ತೆರೆಯೇ. ಕನ್ನಡಿ ಲಂಗ, ಸೊಂಟದ ಕುಣಿತ, ಒಂದು ಹಾಡು. ಹಾಡು ಮುಗಿದರೆ ಲಂಬಾಣಿ ಹುಡುಗಿ ಮಾಯ. ಅವಳಿಗೆ ಅಮ್ಮ ಇದ್ದಾಳಾ, ಪರೀಕ್ಷೆ ಇದೆಯಾ, ಯಾರೂ ಕೇಳುವುದಿಲ್ಲ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯಲ್ಲಿ 1755 ಲಂಬಾಣಿ ಕಸೂತಿ ತುಣುಕುಗಳು ಗಿನ್ನೆಸ್ ದಾಖಲೆ ಮಾಡಿದವು. ಬಟ್ಟೆಗೆ ಚಪ್ಪಾಳೆ, ತೊಟ್ಟವಳಿಗೆ ಸಿಳ್ಳೆ!

ನಮ್ಮವರಿಗೆ ಮಾಡೋಕೆ ಬರಲ್ಲ ಅಂತಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿ ಹಿಡಿದು ಪುಟ್ಟಣ್ಣ 1969ರಲ್ಲಿ 'ಗೆಜ್ಜೆಪೂಜೆ' ಮಾಡಿದರು. ಗೆಜ್ಜೆ ಬೇಡ, ಓದಬೇಕು ಎನ್ನುವ ಕಲ್ಪನಾಳ ಮುಖ ನೆನಪಿದೆ ತಾನೇ? ಆ ಮಗಳ ತಾಂಡಾದ ತಂಗಿ ಇಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾಳೆ, ಕ್ಯಾಮೆರಾ ಮಾತ್ರ ಬಂದಿಲ್ಲ.

ಡಿಗ್ರಿಗೆ ಬೆಂಗಳೂರೇ ಬೇಕಂತೆ ಅವಳಿಗೆ. ದುಡ್ಡು ಎಲ್ಲಿಂದ ತರೋದು ಅಂತ ತಾಯಿ. ಹಾಸ್ಟೆಲ್ ಸಿಗುತ್ತೆ ಅಂತ ಇವಳು. ಮತ್ತೆ ಗೋರ್‌ಬೋಲಿಯಲ್ಲಿ ಜೋರು ಮಾತು, ನನಗೆ ಅರ್ಥವಾಗಿದ್ದು ಸ್ವರ ಮಾತ್ರ. ಕೊನೆಗೆ ತಾಯಿ ನನಗೂ ಕೇಳಲಿ ಎಂಬಂತೆ ಕನ್ನಡದಲ್ಲೇ ಅಂದಳು:

"ಹೋಗು. ನಾನೂ ಹಾಸ್ಟೆಲ್ಲಿಗೆ ಹಿಂಗೇ ಬರ್ತೀನಿ, ಇದೇ ಬಟ್ಟೇಲಿ. ಹೆಂಗಸ್ರಿಗೆ ಬಸ್ ಫ್ರೀ ಐತಲ್ಲ."

ಮಗಳು ಲೋಟ ಕೆಳಗಿಟ್ಟಳು.

"ಬಾ. ಬರೋ ಮುಂಚೆ ಒಂದು ಫೋನ್ ಮಾಡು."