ದಂಡದ ಕಲಂ

ನಮ್ಮಪ್ಪನ ಲೆಕ್ಕದ ಪುಸ್ತಕದಲ್ಲಿ ಖರ್ಚಿಗೆ ಮೂರೇ ಕಲಂ: ಬೇಕೇ ಬೇಕು, ಬೇಕು, ದಂಡ.

ರಾಗಿ, ಅಕ್ಕಿ, ಸೀಮೆಎಣ್ಣೆ, ನಮ್ಮ ಸ್ಕೂಲ್ ಫೀಜು ಮೊದಲನೆಯದಕ್ಕೆ. ಸೋಪು, ಬಸ್ ಚಾರ್ಜು, ಪೇಪರು ಎರಡನೆಯದಕ್ಕೆ. ಪೇಪರಿಗೆ ಆ ಮರ್ಯಾದೆ ಸಿಕ್ಕಿದ್ದು ಅದರಲ್ಲಿರುವ ಸುದ್ದಿಯಿಂದಲ್ಲ, ರದ್ದಿಗೆ ಹಾಕಿದರೆ ಒಂದಿಷ್ಟು ವಾಪಸ್ ಬರುತ್ತದೆ ಎಂಬ ಕಾರಣಕ್ಕೆ. ಇನ್ನು ಸಿನಿಮಾ, ಜಾತ್ರೆಯ ಪೀಪಿ, ಅಮ್ಮನ ಮುಡಿಯ ಕನಕಾಂಬರ ಎಲ್ಲವೂ ದಂಡ. ಆರನೇ ಕ್ಲಾಸಿನಲ್ಲಿ ನನಗೆ ಕನ್ನಡಕ ಬಂದಾಗ ಅಪ್ಪ ಅದನ್ನು ಯಾವ ಕಲಮ್ಮಿಗೆ ಬರೆಯುವುದೆಂದು ಎರಡು ದಿನ ಯೋಚಿಸಿದರು. ಕೊನೆಗೆ ಗಾಜನ್ನು ‘ಬೇಕೇ ಬೇಕು’ಗೂ ಫ್ರೇಮನ್ನು ‘ದಂಡ’ಕ್ಕೂ ಹಂಚಿದರು.

ಅಪ್ಪ ಮೇಷ್ಟ್ರು. ಮನೆ ಶ್ರೀನಿವಾಸಪುರದಲ್ಲಿ, ಶಾಲೆ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬೆಳಗಿನ ಕೆಂಪು ಬಸ್ಸಿಗೆ ಹೋಗಿ ಸಂಜೆಯ ಕೆಂಪು ಬಸ್ಸಿಗೆ ಬರೋರು. ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಮುದ್ದೆ. ‘ಹೊರಗೆ ತಿನ್ನೋದು ಅಂದ್ರೆ ಕಾಸು ಕೊಟ್ಟು ಕಾಯಿಲೆ ಕೊಂಡ್ಕೊಳ್ಳೋದು’ ಅನ್ನುವುದು ಅವರ ಸಿದ್ಧಾಂತ. ಆ ಸಿದ್ಧಾಂತದ ಕೆಳಗೆ ನಾನೂ ಅಕ್ಕನೂ ಹೋಟೆಲಿನ ಬಾಗಿಲು ನೋಡದೆ ಬೆಳೆದೆವು.

ಈಗ ಯೋಚಿಸಿದರೆ ತಪ್ಪು ಅಪ್ಪನದಲ್ಲ, ನಮ್ಮ ಕೋಲಾರ ಜಿಲ್ಲೆಯದು ಅನ್ನಿಸುತ್ತದೆ. ನಮ್ಮ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್ ಅಂದರೆ ಹಾಲಿನ ಹೊಳೆಯಂತೆ. ನಾನು ನೋಡಿದ್ದು ಮರಳಿನ ಹೊಳೆ. ಮಳೆ ಬಂದ ನಾಲ್ಕು ದಿನ ಹಿಡಿದಿಟ್ಟು ಮಿಕ್ಕ ದಿನ ಬದುಕಬೇಕು ಅಂತಲೇ ಹಿಂದಿನವರು ಊರಿಗೊಂದು ಕೆರೆ ಕಟ್ಟಿದರು. ಉಳಿತಾಯ ಅನ್ನುವುದು ನಮಗೆ ಗುಣವಲ್ಲ, ಹವಾಮಾನ.

ಅಡುಗೆಮನೆಯಲ್ಲೂ ಅದೇ ಹವಾಮಾನ. ಬಸ್ಸಾರನ್ನೇ ನೋಡಿ. ಸೊಪ್ಪು ಕಾಳು ಬೇಯಿಸುತ್ತೀರಿ. ಬೆಂದ ನೀರನ್ನು ಬೇರೆಯವರಾದರೆ ಬಚ್ಚಲಿಗೆ ಚೆಲ್ಲುತ್ತಾರೆ. ನಮ್ಮಮ್ಮ ಅದನ್ನು ಬಸಿದು, ಖಾರ ರುಬ್ಬಿ ಹಾಕಿ ಸಾರು ಮಾಡುತ್ತಾಳೆ. ಮೇಲೆ ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಐಟಂ. ಅಸಲು ತಟ್ಟೆಯಲ್ಲಿ, ಬಡ್ಡಿ ಬಟ್ಟಲಲ್ಲಿ.

ಅಜ್ಜಿಯ ಊರಿನಲ್ಲಿ ಹಗೇವು ಇತ್ತು. ನೆಲದೊಳಗೆ ಗಡಿಗೆಯ ಹಾಗೆ ತೋಡಿದ ಗುಂಡಿ. ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಬಳಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ನಾನು ಕಂಡ ಮೊದಲ ಫಿಕ್ಸೆಡ್ ಡೆಪಾಸಿಟ್ಟು ಅದೇ. ತೆಗೆದ ಕೂಡಲೇ ಇಳಿಯುವಂತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಆಳನ್ನೇ ಕೆಡವುತ್ತಿತ್ತು. ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡೋರು. ದೀಪ ಆರಿದರೆ ಇನ್ನೂ ಸ್ವಲ್ಪ ಹೊತ್ತು ಕಾಯಬೇಕು ಅಂತ ಅರ್ಥ. ಮ್ಯೂಚುವಲ್ ಫಂಡಿನ ಜಾಹೀರಾತಿನ ಕೊನೆಯಲ್ಲಿ ಒಬ್ಬರು ಉಸಿರುಗಟ್ಟಿ ಅಪಾಯದ ಎಚ್ಚರಿಕೆ ಓದುತ್ತಾರಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಆ ಲಾಟೀನು ನೆನಪಾಗುತ್ತದೆ.

ಅಪ್ಪ ಹಗೇವಿನಿಂದ ನೇರ ಪೋಸ್ಟಾಫೀಸಿಗೆ ಬಂದವರು. 1988ರಲ್ಲಿ ಕಿಸಾನ್ ವಿಕಾಸ್ ಪತ್ರ ಬಂತು, ಐದೂವರೆ ವರ್ಷಕ್ಕೆ ದುಡ್ಡು ಡಬಲ್. ಹಾಕಿದ್ದು ನೂರಾದರೆ ಐದೂವರೆ ವರ್ಷಕ್ಕೆ ಇನ್ನೂರು, ಅದನ್ನೇ ಮತ್ತೆ ಹಾಕಿದರೆ ಹನ್ನೊಂದಕ್ಕೆ ನಾನೂರು. ಅಪ್ಪ ಇದನ್ನು ಮಗ್ಗಿಯ ಹಾಗೆ ನಮಗೆ ಬಾಯಿಪಾಠ ಮಾಡಿಸಿದ್ದರು. ಪತ್ರಗಳನ್ನು ಹಳೆಯ ಪಂಚಾಂಗದೊಳಗಿಟ್ಟು ಟ್ರಂಕಿನ ತಳಕ್ಕೆ ಸೇರಿಸೋರು. ತಿಂಗಳಿಗೊಮ್ಮೆ ತೆಗೆದು ನೋಡಿ ಮತ್ತೆ ಇಡೋರು, ಹೆರಿಗೆಗೆ ಬಂದ ಮಗಳನ್ನು ವಿಚಾರಿಸಿಕೊಂಡ ಹಾಗೆ. ಈಗ ಅದೇ ಪತ್ರ ದುಪ್ಪಟ್ಟಾಗಲು 115 ತಿಂಗಳು. ಅಪ್ಪ ಇದ್ದಿದ್ದರೆ ಆ ಹೆಚ್ಚುವರಿ ನಾಲ್ಕು ವರ್ಷವನ್ನೂ ದಂಡಕ್ಕೆ ಬರೆಯುತ್ತಿದ್ದರು.

ಮಾಲೂರು ಕಡೆಯ ನಮ್ಮ ದೊಡ್ಡಪ್ಪ ಇದಕ್ಕೆಲ್ಲ ನಗೋರು. ಅವರದು ನೀಲಗಿರಿ. ‘ನಿಮ್ಮ ಪತ್ರ ಒಂದ್ಸಲ ಡಬಲ್ ಆಗಿ ಮುಗೀತದೆ. ನನ್ನ ಮರ ಕಡಿದ್ರೆ ಬುಡದಿಂದ ಮತ್ತೆ ಚಿಗುರ್ತದೆ. ನೀರು ಹಾಕಂಗಿಲ್ಲ, ಕಾವಲು ಕಾಯಂಗಿಲ್ಲ’ ಅನ್ನೋರು. ಮಾತು ನಿಜ. ಅವರು ನೀರು ಹಾಕಲಿಲ್ಲ, ಮರವೇ ಹುಡುಕಿಕೊಂಡು ಕುಡಿಯಿತು. ಪಕ್ಕದ ಬಾವಿ ಬತ್ತಿತು, ಆಮೇಲೆ ಬೋರು ಬತ್ತಿತು. ಸಾವಿರ ಅಡಿ ದಾಟಿ ಕೊರೆಸುವಾಗ ಮೂರು ಸಲ ಕಡಿದ ಮರದ ದುಡ್ಡು ದೂಳಾಗಿ ಮೇಲೆ ಬಂತು. 2017ರಲ್ಲಿ ಸರ್ಕಾರವೇ ನೀಲಗಿರಿ ನೆಡಬೇಡಿ ಅಂದಿತು. ಬಡ್ಡಿ ಎಣಿಸುತ್ತಾ ಕೂತಿದ್ದ ದೊಡ್ಡಪ್ಪನಿಗೆ ಅಸಲು ನೆಲದಡಿಯ ನೀರಾಗಿತ್ತು ಅನ್ನುವುದು ತಿಳಿಯುವ ಹೊತ್ತಿಗೆ ಖಾತೆ ಖಾಲಿಯಾಗಿತ್ತು.

ಶೇರು ಮಾರ್ಕೆಟ್ಟು ಅಂದರೆ ಮುಂಬೈ ಅನ್ನುವವರು ಒಮ್ಮೆ ನಮ್ಮ ಕಡೆ ಬರಬೇಕು. ಶ್ರೀನಿವಾಸಪುರದಲ್ಲಿ ಮಾವು ಇನ್ನೂ ಹೂವಿನಲ್ಲಿರುವಾಗಲೇ ವ್ಯಾಪಾರಿ ತೋಟ ಸುತ್ತಿ, ಮರ ನೋಡಿ, ಗಾಳಿ ಮೂಸಿ ಇಡೀ ಫಸಲಿಗೆ ರೇಟು ಕಟ್ಟುತ್ತಾನೆ. ಆಲಿಕಲ್ಲು ಬಿದ್ದರೆ ಅವನು ಸತ್ತ, ಕಾಯಿ ನಿಂತರೆ ನಾವು ಸತ್ತೆವು. ತೋತಾಪುರಿ ಗಡಿಯಾಚೆ ಚಿತ್ತೂರಿನ ರಸದ ಫ್ಯಾಕ್ಟರಿಗಳಿಗೆ ಹೋಗಬೇಕು. 2025ರ ಜೂನ್‌ನಲ್ಲಿ ಅಲ್ಲಿನ ಜಿಲ್ಲಾಡಳಿತ ಕರ್ನಾಟಕದ ಕಾಯಿ ಬೇಡ ಅಂದಾಗ ಮಾರ್ಕೆಟ್ಟು ಹೇಗೆ ಬೀಳುತ್ತದೆ ಅನ್ನುವುದನ್ನು ನಾವು ಟಿವಿಯಲ್ಲಿ ನೋಡಬೇಕಾಗಲಿಲ್ಲ. ಕೋಲಾರದ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು. ಅದೇ ಟೊಮೆಟೊವನ್ನು ರಸ್ತೆಗೆ ಸುರಿದು ಹೋದವರನ್ನೂ ಅಲ್ಲಿಯೇ ನೋಡಿದ್ದೇನೆ. ಇಂಥ ಊರಿನವನಿಗೆ ಯಾರಾದರೂ ಬಂದು ‘ರಿಸ್ಕ್ ತಗೋಳೋದು ಕಲೀರಿ ಸಾರ್’ ಅಂದರೆ ನಗಬೇಕೋ ಅಳಬೇಕೋ ತಿಳಿಯದು.

ಚಿನ್ನದ ವಿಷಯ ಬಿಟ್ಟರೆ ಕೋಲಾರದ ಕಥೆ ಮುಗಿಯುವುದಿಲ್ಲ. ಕೆಜಿಎಫ್‌ನಲ್ಲಿ ನೂರಿಪ್ಪತ್ತು ವರ್ಷ, ಮೂರು ಕಿಲೋಮೀಟರಿಗೂ ಆಳಕ್ಕೆ ಅಗೆದು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು. ಅಷ್ಟೂ ಚಿನ್ನ ಎಲ್ಲಿಗೆ ಹೋಯಿತೋ, ಅಮ್ಮನ ಕಿವಿಗಂತೂ ಬರಲಿಲ್ಲ. ಅವಳಿಗಿದ್ದುದು ತವರಿನವರು ಕೊಟ್ಟರೆಂದು ಹೇಳುತ್ತಿದ್ದ ಒಂದು ಜೊತೆ ಓಲೆ ಮಾತ್ರ. 2015ರ ನವೆಂಬರಿನಲ್ಲಿ ಸರ್ಕಾರ ಚಿನ್ನದ ಬಾಂಡು ತಂದಾಗ ನಾನು ಗ್ರಾಮಿಗೆ 2,684 ರೂಪಾಯಿಯಂತೆ ಐದು ಗ್ರಾಂ ತಗೊಂಡು ಅಮ್ಮನಿಗೆ ಕಾಗದ ತೋರಿಸಿದೆ. ಅವಳು ಹಿಂದೆ ಮುಂದೆ ತಿರುಗಿಸಿ, ‘ಚಿನ್ನ ಎಲ್ಲೋ?’ ಅಂದಳು. ಇದೇ ಚಿನ್ನ ಅಂದೆ. ‘ಗಣಿ ಮುಚ್ಚಿದ್ಮೇಲೆ ಹಿಂಗಾಯ್ತಾ’ ಅಂದಳು. ಎಂಟು ವರ್ಷ ಕಳೆದು 2023ರಲ್ಲಿ ಗ್ರಾಮಿಗೆ 6,132 ಬಂತು. ಆ ದುಡ್ಡಿನಲ್ಲಿ ಐದು ಗ್ರಾಂ ನಿಜವಾದ ಚಿನ್ನ ತರಲು ಹೋದೆ. ಮಜೂರಿ, ವೇಸ್ಟೇಜು, ಜಿಎಸ್‌ಟಿ ಎಲ್ಲ ಸೇರಿ ಐದು ಗ್ರಾಂ ಬರಲಿಲ್ಲ.

ನಾನೂ ಉಳಿಸುವವನೇ. ಬೆಂಗಳೂರಿನಲ್ಲಿ ಕೆಲಸ, ಬಾಡಿಗೆ ಉಳಿಯಲೆಂದು ಮಾಲೂರಿನಲ್ಲಿ ವಾಸ. ರೈಲಿನ ಮಂತ್ಲಿ ಪಾಸು. ನಮ್ಮ ಬೋಗಿಯಲ್ಲಿ ಕಿಟಕಿ ಕಡೆ ಇಸ್ಪೀಟು, ಬಾಗಿಲ ಕಡೆ ಎಸ್‌ಐಪಿ. ಬಾಗಿಲ ಕಡೆಯ ಪಂಡಿತರು 72ನ್ನು ಬಡ್ಡಿದರದಿಂದ ಭಾಗಿಸಿದರೆ ದುಡ್ಡು ದುಪ್ಪಟ್ಟಾಗುವ ವರ್ಷ ಸಿಗುತ್ತದೆ ಅನ್ನುತ್ತಾರೆ. ದಿನಕ್ಕೊಂದು ಹೋಟೆಲ್ ಕಾಫಿ ಬಿಟ್ಟು ಆ ಕಾಸನ್ನು ಫಂಡಿಗೆ ಹಾಕಿದರೆ ರಿಟೈರಾಗುವ ಹೊತ್ತಿಗೆ ಇಷ್ಟು ಲಕ್ಷ ಅಂತ ಮೊಬೈಲಿನಲ್ಲಿ ತೋರಿಸುತ್ತಾರೆ. ಇದನ್ನು ಅಮೆರಿಕದವರು ಕಂಡುಹಿಡಿದರಂತೆ. ನಾನು ಮೇಷ್ಟ್ರ ಮಗ. ಬಿಡಲು ನನ್ನ ಹತ್ತಿರ ಕಾಫಿಯೇ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅಪ್ಪನ ಕಲಮ್ಮುಗಳು ಸೋತದ್ದನ್ನು ಕಂಡಿದ್ದೇನೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಅಂದರೆ ಅವರಿಗೆ ದೇವರು. 1970ರ ಸನ್ಮಾನದಲ್ಲಿ ಸಿಕ್ಕ ಅಷ್ಟೂ ದುಡ್ಡನ್ನು ಡಿವಿಜಿ ತಾವೇ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟದ್ದನ್ನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳೋರು, ಮನೆಯಲ್ಲೂ ಹೇಳೋರು. ಒಂದು ದಿನ ಕೇಳಿದೆ: ‘ಅದು ಯಾವ ಕಲಮ್ಮಿಗೆ ಬರುತ್ತೆ ಅಪ್ಪಾ?’ ಅಪ್ಪ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ‘ಅಂಥೋರ ಪುಸ್ತಕದಲ್ಲಿ ನಾಲ್ಕನೇ ಕಲಂ ಇರುತ್ತೆ ಕಣೋ. ನಮ್ಮದರಲ್ಲಿ ಗೆರೆ ಎಳೆಯೋಕೆ ಜಾಗ ಸಾಲಲ್ಲ’ ಅಂದರು.

ಅಪ್ಪ ಹೋದ ಮೇಲೆ ಟ್ರಂಕು ತೆಗೆದೆ. ಪಂಚಾಂಗದ ಕೆಳಗೆ ಲೆಕ್ಕದ ಪುಸ್ತಕಗಳು, ವರ್ಷಕ್ಕೊಂದರಂತೆ, ಸೆಣಬಿನ ದಾರದಲ್ಲಿ ಕಟ್ಟಿದ್ದವು. ಯಾವುದೋ ಒಂದನ್ನು ಬಿಚ್ಚಿದೆ. ದಂಡದ ಕಲಮ್ಮಿನಲ್ಲಿ, ಸಂಬಳ ಬಟವಾಡೆಗೆ ಮುಳಬಾಗಿಲಿಗೆ ಹೋದ ತಾರೀಖಿನ ಮುಂದೆ, ದುಂಡಗಿನ ಅಕ್ಷರದಲ್ಲಿ: ದೋಸೆ, 1.

ಮುಂದಿನ ತಿಂಗಳು ನೋಡಿದೆ: ದೋಸೆ, 1. ಅದರ ಮುಂದಿನ ತಿಂಗಳೂ ಹಾಗೇ. ಇನ್ನೊಂದು ವರ್ಷದ್ದು ಬಿಚ್ಚಿದೆ, ಅಲ್ಲೂ ದೋಸೆ. ಒಂದೂವರೆ ರೂಪಾಯಿಯ ದೋಸೆ ಮೂರಾಗಿ, ಆರಾಗಿ, ಹತ್ತಾಗಿ ಬೆಳೆದಿತ್ತು. ಸಂಖ್ಯೆ ಮಾತ್ರ ಒಂದೇ. ನೆಲದ ಮೇಲೆ ಕೂತು ಪೂರಾ ಎಣಿಸಿದೆ. 1984ರ ಜೂನ್‌ನಿಂದ ರಿಟೈರಾದ 2006ರ ಮೇ ತನಕ 264 ತಿಂಗಳು. ದೋಸೆ 251. ತಪ್ಪಿದ್ದು ಹದಿಮೂರು ತಿಂಗಳು. ಅವುಗಳಲ್ಲಿ ಒಂದು ಅಕ್ಕನ ಮದುವೆಯ ತಿಂಗಳು, ಒಂದು ನಾನು ಕಾಲೇಜು ಸೇರಿದ ತಿಂಗಳು, ಒಂದು ಕನ್ನಡಕದ ತಿಂಗಳು. ಆ ಫ್ರೇಮು ನಿಜವಾಗಿಯೂ ಯಾರ ದಂಡ ಅನ್ನುವುದು ನನಗೆ ಆವತ್ತು ಗೊತ್ತಾಯಿತು.

ಇಪ್ಪತ್ತೆರಡು ವರ್ಷ ಮನೆಯವರಿಗೆ ಹೇಳದೆ ತಿಂದ ಮನುಷ್ಯ ಪುಸ್ತಕಕ್ಕೆ ಮಾತ್ರ ಸುಳ್ಳು ಹೇಳಿರಲಿಲ್ಲ. ‘ಇತರೆ’ ಅಂತ ಬರೆದು ಮುಚ್ಚಬಹುದಿತ್ತು. ಬರೆಯಲಿಲ್ಲ.

ಅಡುಗೆಮನೆಗೆ ಹೋಗಿ ಅಮ್ಮನಿಗೆ ತೋರಿಸಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ತಲೆ ಕೂಡ ಎತ್ತಲಿಲ್ಲ.

‘ಗೊತ್ತಿತ್ತು ಬಿಡೋ. ಸಂಬಳದ ದಿನ ಬಂದು ಮುದ್ದೆ ಅರ್ಧ ಮುರಿದು ಇಡೋರು. ಬಿಸಿಲು ಅನ್ನೋರು. ಬಿಸಿಲಿಗೆ ಯಾರ ಕೈಯಾದರೂ ತುಪ್ಪದ ವಾಸನೆ ಬರುತ್ತಾ?’

‘ಕೇಳಲಿಲ್ವಾ ನೀನು?’

‘ಕೇಳಿದ್ರೆ ಅವರೂ ಕೇಳೋರಲ್ಲ.’ ಓಲೆ ಮುಟ್ಟಿ ನೋಡಿಕೊಂಡಳು. ‘ಇದು ತವರಿಂದಲ್ಲ. ಚೀಟಿ.’

ನಾನು ಅಲ್ಲೇ ಕೂತೆ. ಚೀಟಿಯನ್ನು ಅಪ್ಪ ನಮ್ಮ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ನಮ್ಮ ಬೀದಿಯ ಒಂದು ಚೀಟಿ ಹನ್ನೊಂದನೇ ತಿಂಗಳಿಗೆ ರಾತ್ರೋರಾತ್ರಿ ಊರು ಬಿಟ್ಟದ್ದನ್ನು ಉದಾಹರಣೆ ಕೊಡೋರು. ಅಮ್ಮ ಹಿಂದಿನ ಬೀದಿಯಲ್ಲಿ ಹಾಕಿದ್ದಳಂತೆ. ಇಪ್ಪತ್ತು ಜನ, ತಿಂಗಳಿಗೆ ನೂರು, ಕೈಗೆ ಎರಡು ಸಾವಿರ. ಅವಸರದವರು ಸಾವಿರದ ಆರುನೂರಕ್ಕೆ ಕೂಗಿ ಎತ್ತಿಕೊಂಡರೆ ಉಳಿದ ನಾನೂರು ತಲಾ ಇಪ್ಪತ್ತರಂತೆ ಎಲ್ಲರಿಗೂ ಹಂಚಿಕೆ. ಅಮ್ಮ ಒಂದು ಸಲವೂ ಕೂಗದೆ ಕೊನೆಯ ತಿಂಗಳವರೆಗೆ ಕಾದು ಪೂರ್ತಿ ಎತ್ತಿದಳಂತೆ. ತಿಂಗಳ ನೂರು ಎಲ್ಲಿಂದ ಬರುತ್ತಿತ್ತು ಅಂದರೆ, ‘ಬೇಕೇ ಬೇಕಿಂದ’ ಅಂದಳು. ಅಕ್ಕಿಯಲ್ಲಿ ಎರಡು ಹಿಡಿ, ಎಣ್ಣೆಯಲ್ಲಿ ಅರ್ಧ ಪಾವು. ಬಸ್ಸಾರು ಮಾಡಿದವಳಿಗೆ ಒಂದೇ ಕಲಮ್ಮಿನಿಂದ ಎರಡು ಐಟಂ ಬಸಿಯುವುದು ಕಷ್ಟವೇ?

ಆ ರಾತ್ರಿ ರೈಲಿನ ಪಂಡಿತರ ಚಟ ನನಗೂ ಹತ್ತಿತು. 251 ದೋಸೆಯನ್ನೂ ತಿನ್ನದೆ ಅಂಚೆ ಕಚೇರಿಗೆ ಹಾಕಿದ್ದರೆ ಇವತ್ತಿಗೆ ಎಷ್ಟಾಗುತ್ತಿತ್ತು ಅಂತ ಅಂದಾಜಿನ ಬಡ್ಡಿ ಹಿಡಿದು ಗುಣಿಸಿದೆ. ಹನ್ನೆರಡು ಸಾವಿರ ಚಿಲ್ಲರೆ ಬಂತು. ಒಬ್ಬ ಮನುಷ್ಯ ಇಪ್ಪತ್ತೆರಡು ವರ್ಷ ಕದ್ದು ತಿಂದ ಸುಖದ ಚಕ್ರಬಡ್ಡಿ, ಒಂದು ಸಾಧಾರಣ ಮೊಬೈಲಿನ ಬೆಲೆ. ಸ್ಕ್ರೀನು ಆರಿಸಿ ಮಲಗಿದೆ.

ಮುಂದಿನ ಭಾನುವಾರ ಮುಳಬಾಗಿಲಿಗೆ ಹೋದೆ. ಅಪ್ಪ ಯಾವ ಹೋಟೆಲಿಗೆ ಹೋಗುತ್ತಿದ್ದರೋ ಪುಸ್ತಕದಲ್ಲಿರಲಿಲ್ಲ. ಕಂಡ ಒಂದಕ್ಕೆ ನುಗ್ಗಿದೆ. ಅಂಚು ಗರಿಗರಿ, ನಡುವೆ ದಪ್ಪ, ಮೆತ್ತಗೆ, ಮೇಲೆ ಮೈತುಂಬ ತುಪ್ಪ. ತಿಂದು ಮುಗಿದ ಮೇಲೆ ಇನ್ನೊಂದು ಬೇಕೆನ್ನಿಸಿತು. ತಿನ್ನುವಷ್ಟು ದುಡ್ಡೂ ಇತ್ತು, ಹೊಟ್ಟೆಯೂ ಇತ್ತು, ಹೇಳಲು ಬಾಯಿ ಬರಲಿಲ್ಲ. ಉಳಿಸುವುದನ್ನು ಮಗ್ಗಿಯ ಹಾಗೆ ಕಲಿಸಿದವರು ಎರಡನೇ ದೋಸೆ ಹೇಳುವುದನ್ನು ಕಲಿಸಿರಲಿಲ್ಲ. ಅವರಿಗೂ ಬರುತ್ತಿರಲಿಲ್ಲ, ಪುಸ್ತಕವೇ ಸಾಕ್ಷಿ.

ಅಮ್ಮನಿಗೊಂದು ಪಾರ್ಸೆಲ್ ಹೇಳಿ, ಗಲ್ಲಾದ ಮೇಲಿದ್ದ ಚೌಕಕ್ಕೆ ಮೊಬೈಲು ಹಿಡಿದೆ. ಪಕ್ಕದ ಪೆಟ್ಟಿಗೆ ಇಡೀ ಬಜಾರಿಗೆ ಕೇಳುವಂತೆ ದುಡ್ಡು ಬಂದದ್ದನ್ನು ಕೂಗಿ ಹೇಳಿತು. ಅಪ್ಪ ಒಳ್ಳೆಯ ಕಾಲದಲ್ಲಿ ತಿಂದು ಹೋದರು.

ಬಸ್ಸಿನಲ್ಲಿ ಕೂತ ಮೇಲೆ ಮೊಬೈಲಿನ ಲೆಕ್ಕದ ಆಪು ಕೇಳಿತು: ಈ ಖರ್ಚು ಯಾವುದಕ್ಕೆ? ಊಟ, ಪ್ರಯಾಣ, ಮನರಂಜನೆ, ಇತರೆ ಅಂತ ಸಾಲಾಗಿ ತೋರಿಸಿತು. ಹೊಸದೊಂದನ್ನು ಸೇರಿಸಿ ‘ದಂಡ’ ಅಂತ ಹೆಸರಿಟ್ಟೆ. ನನ್ನ ದೋಸೆ ಸಲೀಸಾಗಿ ಅಲ್ಲಿಗೆ ಹೋಯಿತು. ಮಡಿಲಲ್ಲಿ ಬಿಸಿಯಾಗಿ ಕೂತಿದ್ದ ಪಾರ್ಸೆಲ್ಲಿನದೇ ತಕರಾರು. ಶ್ರೀನಿವಾಸಪುರ ಬರುವ ತನಕ ಯೋಚಿಸಿ, ಕೊನೆಗೆ ದೋಸೆಯನ್ನು ‘ಬೇಕೇ ಬೇಕು’ಗೂ ತುಪ್ಪವನ್ನು ‘ದಂಡ’ಕ್ಕೂ ಹಂಚಿದೆ.